ಮಾನ್ಯಖೇಟದ ಅರಸನ ರಾಜ್ಯತ್ಯಾಗ: ಅಮೋಘವರ್ಷ ನೃಪತುಂಗನ ಬಾಳು

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಚಿತ್ತಾಪುರಕ್ಕೂ ಸೇಡಂಗೂ ನಡುವೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವಿದೆ. ಸುತ್ತಲೂ ಸುಣ್ಣಕಲ್ಲಿನ ನೆಲ. ಶಹಾಬಾದಿನ ಹಾಸುಗಲ್ಲಿಗೂ ವಾಡಿ-ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳಿಗೂ ಈ ನೆಲವೇ ಮೂಲ. ಇಲ್ಲಿನ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅರುವತ್ತಕ್ಕೂ ಹೆಚ್ಚು ವರ್ಷ ರಾಜ್ಯವಾಳಿದ ಅಮೋಘವರ್ಷ ನೃಪತುಂಗನ ಹೆಸರು ಈ ಊರಿನೊಡನೆ ಅವಿನಾಭಾವವಾಗಿ ಸೇರಿಕೊಂಡಿದೆ.

ಕನ್ನಡ ಸಾಹಿತ್ಯ ಚರಿತ್ರೆಯ ಪಠ್ಯಗಳಲ್ಲಿ ನೃಪತುಂಗನ ಬಾಳಿನ ಕೊನೆಯ ಘಟ್ಟವನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಲಾಗುತ್ತದೆ. ವೃದ್ಧಾಪ್ಯದಲ್ಲಿ ವೈರಾಗ್ಯ ತಳೆದು, ಮಗನಿಗೆ ಪಟ್ಟ ಕಟ್ಟಿ, ಜಿನದೀಕ್ಷೆ ವಹಿಸಿದನೆಂಬುದು ಆ ವಾಕ್ಯದ ಸಾರ. ತರಗತಿಯಲ್ಲಿ ನಾವೆಲ್ಲರೂ ಹೀಗೆಯೇ ಹೇಳುತ್ತ ಬಂದಿದ್ದೇವೆ. ಆದರೆ ಈ ಒಂದು ವಾಕ್ಯದೊಳಗೆ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿವೆ: ಅರಸನು ರಾಜ್ಯವನ್ನು ಬಿಟ್ಟದ್ದು, ಜೈನನಾದದ್ದು, ಮುನಿಯಾದದ್ದು. ಇವುಗಳಿಗೆ ದೊರೆಯುವ ಆಧಾರಗಳು ಬೇರೆ ಬೇರೆ ಕಾಲದವು ಮತ್ತು ಬೇರೆ ಬೇರೆ ಸ್ವರೂಪದವು. ಅವುಗಳನ್ನು ಬಿಡಿಸಿ ನೋಡಿದರೆ ಒಂದು ದಿನದಲ್ಲಿ ಮನಸ್ಸು ತಿರುಗಿದ ಪುರಾಣನಾಯಕನ ಬದಲಾಗಿ, ಸಿಂಹಾಸನವನ್ನು ಮತ್ತೆ ಮತ್ತೆ ಬಿಟ್ಟು ಮತ್ತೆ ಮತ್ತೆ ಅದಕ್ಕೆ ಮರಳಿದ ಒಬ್ಬ ಅರಸ ಕಾಣಿಸುತ್ತಾನೆ. ಆ ಅರಸನ ಬಾಳನ್ನು ಈ ದೃಷ್ಟಿಯಿಂದ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೋಘವರ್ಷನು ಹುಟ್ಟಿದ್ದು ಅರಮನೆಯಲ್ಲಲ್ಲ, ದಂಡಿನ ಬೀಡಿನಲ್ಲಿ. ಅವನ ತಂದೆ ಮೂರನೆಯ ಗೋವಿಂದನು ಉತ್ತರದ ದಂಡಯಾತ್ರೆಯನ್ನು ಮುಗಿಸಿ ಹಿಂದಿರುಗುವಾಗ ನರ್ಮದೆಯ ಪ್ರಾಂತದ ಶ್ರೀಭವನದಲ್ಲಿ ಬೀಡುಬಿಟ್ಟಿದ್ದನು. ಮಗು ಹುಟ್ಟಿದ್ದು ಅಲ್ಲಿಯೇ ಎಂದು ಸಂಜಾನ್ ತಾಮ್ರಪಟದಿಂದ ತಿಳಿದುಬರುತ್ತದೆ. ಕಾಲ ಸುಮಾರು ಕ್ರಿ.ಶ. 800. ಶರ್ವ ಎಂಬುದು ಅವನ ಅಂಕಿತನಾಮ. ಅಮೋಘವರ್ಷ, ನೃಪತುಂಗ, ಅತಿಶಯಧವಳ, ವೀರನಾರಾಯಣ, ಲಕ್ಷ್ಮೀವಲ್ಲಭ ಮುಂತಾದವು ಬಿರುದುಗಳು. 814ರಲ್ಲಿ ಗೋವಿಂದನು ತೀರಿಕೊಂಡಾಗ ಮಗನು ಇನ್ನೂ ಹದಿಹರೆಯದ ಬಾಲಕ. ಗುಜರಾತ ಶಾಖೆಯ ಕರ್ಕ ಸುವರ್ಣವರ್ಷನು, ಅಂದರೆ ಚಿಕ್ಕಪ್ಪ ಇಂದ್ರನ ಮಗನು, ರಾಜ್ಯದ ಹೊಣೆ ಹೊತ್ತು ನಿಂತನು.

ಮುಂದಿನ ಕೆಲವೇ ವರ್ಷಗಳಲ್ಲಿ ಬಾಲಕನು ಸಿಂಹಾಸನವನ್ನು ಕಳೆದುಕೊಂಡನು. ಕರ್ಕನ 816ರ ನವಸಾರಿ ಶಾಸನದಲ್ಲಿ ದಂಗೆಯ ಸುಳಿವಿಲ್ಲ. 821ರ ಸೂರತ್ ಶಾಸನದ ವೇಳೆಗೆ ದಂಗೆಯನ್ನು ಅಡಗಿಸಿ ಅಮೋಘವರ್ಷನನ್ನು ಮರಳಿ ಪಟ್ಟದಲ್ಲಿ ಕೂರಿಸಿದ ಕೀರ್ತಿಯನ್ನು ಕರ್ಕನು ಪಡೆದಿದ್ದಾನೆ. ಈ ಎರಡು ಶಾಸನಗಳ ನಡುವಿನ ಐದು ವರ್ಷಗಳಲ್ಲಿ ಸಾಮಂತರೂ ದಾಯಾದಿಗಳೂ ಸೇರಿ ನಡೆಸಿದ ಬಂಡಾಯವು ಬಾಲ ಅರಸನನ್ನು ನೆಲೆಗೆಡಿಸಿತ್ತೆಂಬುದು ಸ್ಪಷ್ಟ. ತ್ಯಾಗದ ಮಾತಿಗೆ ಬರುವ ಮೊದಲು ಇದನ್ನು ಗಮನಿಸಬೇಕು. ರಾಜ್ಯವನ್ನು ತಾನಾಗಿ ಬಿಡಲು ಕಲಿಯುವ ಎಷ್ಟೋ ಮೊದಲೇ, ಅದು ತನ್ನಿಂದ ಕೈಜಾರಬಲ್ಲುದೆಂಬುದನ್ನು ಅವನು ಎಳೆತನದಲ್ಲಿ ಕಂಡಿದ್ದನು. ಇದೇ ಅವನ ವೈರಾಗ್ಯಕ್ಕೆ ಬೀಜವಾಯಿತೆಂದು ಹೇಳಲು ನನಗೆ ಧೈರ್ಯವಿಲ್ಲ. ಆದರೆ ಇದನ್ನು ಬಿಟ್ಟು ಅವನ ವೈರಾಗ್ಯವನ್ನು ವಿವೇಚಿಸುವುದೂ ಸರಿಯಲ್ಲ.

ಮರಳಿ ಪಟ್ಟವೇರಿದ ಮೇಲಿನ ನಾಲ್ಕು ದಶಕಗಳು ಶಾಂತಿಯವಲ್ಲ. ವೆಂಗಿಯ ಚಾಲುಕ್ಯರೊಡನೆ ವಿಂಗವಳ್ಳಿಯಲ್ಲಿ ಯುದ್ಧವಾಯಿತು. ಗುಜರಾತ ಶಾಖೆಯೊಡನೆ, ಕರ್ಕನ ಮಗ ಧ್ರುವನ ಕಾಲದಿಂದ, ದೀರ್ಘ ವೈಷಮ್ಯ ಬೆಳೆಯಿತು. ತನ್ನನ್ನು ಪಟ್ಟಕ್ಕೆ ತಂದವನ ಮನೆಯವರೊಡನೆಯೇ ಅವನು ಕಾದಬೇಕಾಯಿತು. ದಕ್ಷಿಣದಲ್ಲಿ ಗಂಗರು ಸ್ವತಂತ್ರರಾಗುವ ಹವಣಿಕೆಯಲ್ಲಿದ್ದರು. ಅವರ ಮೇಲೆ ಸೇನಾನಿ ಬಂಕೆಯನನ್ನು ಕಳುಹಿಸಲಾಯಿತು. ಬಂಕೆಯನು ಗೆಲ್ಲುತ್ತ ಮುಂದುವರಿಯುತ್ತಿದ್ದಾಗ ಅರಸನಿಂದ ಹಿಂದಿರುಗಬೇಕೆಂಬ ಕರೆ ಬಂತು. ರಾಜ್ಯದೊಳಗೆ ಮತ್ತೆ ಒಳಜಗಳವೆದ್ದಿತ್ತು. ಈ ಬಾರಿ ಅರಸನ ಮಗನೇ ವಿರೋಧಿಗಳ ಪಕ್ಷ ಸೇರಿದ್ದನೆಂದು ಕೊಣ್ಣೂರಿನ ಶಾಸನ ಸೂಚಿಸುತ್ತದೆ. ಆ ಮಗ ಮುಂದೆ ಇಮ್ಮಡಿ ಕೃಷ್ಣನೆಂದು ಪಟ್ಟವೇರಿದವನೇ ಇರಬೇಕೆಂಬುದು ವಿದ್ವಾಂಸರ ಊಹೆ. ಮೂರು ತಿಂಗಳೊಳಗೆ ಹಗೆಗಳನ್ನು ಗೆದ್ದು ಒಡೆಯನಿಗೆ ಹಾಲು ಕುಡಿಸದಿದ್ದರೆ ಬೆಂಕಿಯನ್ನು ಹೊಗುವೆನೆಂದು ಬಂಕೆಯನು ಪ್ರತಿಜ್ಞೆ ಮಾಡಿದನೆಂದೂ ಅದನ್ನು ನೆರವೇರಿಸಿದನೆಂದೂ ಅದೇ ಶಾಸನ ಹೇಳುತ್ತದೆ. ಅವನಿಗೆ ಬನವಾಸಿಯ ಆಳ್ವಿಕೆ ದೊರೆಯಿತು. ಕೊಳನೂರಿನಲ್ಲಿ ಅವನು ಕಟ್ಟಿಸಿದ ಬಸದಿಗೆ ಅರಸನು 860ರಲ್ಲಿ ದತ್ತಿ ಬಿಟ್ಟನು. ಗಂಗರೊಡನೆ ಮಾತ್ರ ಹಗೆತನವು ಯುದ್ಧದಿಂದ ತೀರಲಿಲ್ಲ. ಮಗಳು ಚಂದ್ರಬ್ಬಲಬ್ಬೆಯನ್ನು ಗಂಗ ಬೂತುಗನಿಗೆ ಕೊಟ್ಟು ಮದುವೆ ಮಾಡಿದ ಮೇಲೆ ತೀರಿತು.

ಇದೇ ಅವಧಿಯಲ್ಲಿ ಮಾನ್ಯಖೇಟವೂ ಬೆಳೆಯಿತು. ಇಂದ್ರನ ನಗರಿಯನ್ನು ನಗುವಂತೆ ಅಮೋಘವರ್ಷನು ಈ ಪಟ್ಟಣವನ್ನು ಕಟ್ಟಿಸಿದನೆಂದು ಅವನ ಅನಂತರದ ಪೀಳಿಗೆಗಳ ತಾಮ್ರಶಾಸನಗಳು ವರ್ಣಿಸುತ್ತವೆ. ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ 851ರ ಅರಬ್ಬೀ ವೃತ್ತಾಂತವು ಬಲ್ಹರಾ, ಅಂದರೆ ವಲ್ಲಭರಾಜನು, ಭಾರತದ ದೊರೆಗಳಲ್ಲೆಲ್ಲ ಅಗ್ರಗಣ್ಯನೆಂದು ಹೇಳಿ, ಈ ವಂಶದ ಅರಸರು ಐವತ್ತು ವರ್ಷದಷ್ಟು ದೀರ್ಘಕಾಲ ಆಳುವುದುಂಟೆಂದು ಸೋಜಿಗಪಡುತ್ತದೆ. ಆ ಮಾತು ಬರೆಯಲ್ಪಟ್ಟಾಗ ನೃಪತುಂಗನ ಆಳ್ವಿಕೆಗೆ ಮೂವತ್ತೇಳು ವರ್ಷಗಳಾಗಿದ್ದವು. 866ರ ಸಿರೂರಿನ ಶಾಸನವು ಅಂಗ, ವಂಗ, ಮಗಧ, ಮಾಳವ, ವೆಂಗಿಗಳ ದೊರೆಗಳಿಂದ ಪೂಜಿತನೆಂದು ಅವನನ್ನು ಕೀರ್ತಿಸುತ್ತದೆ. ಇದರಲ್ಲಿ ಅತಿಶಯೋಕ್ತಿ ಇಲ್ಲದಿಲ್ಲ. ಆದರೂ ಅವನು ಬಿಡಲು ಹೊರಟದ್ದು ಸಣ್ಣ ಆಸ್ತಿಯನ್ನಲ್ಲ.

ಇನ್ನು ಆ ಆಸ್ಥಾನದ ವಿದ್ಯಾವಲಯ. ಇದರ ವಿವರಗಳು ಓದುಗರಿಗೆ ಪರಿಚಿತವಾದ್ದರಿಂದ ವಿಸ್ತರಿಸುವುದಿಲ್ಲ. ಶಾಕಟಾಯನನು ತನ್ನ ವ್ಯಾಕರಣದ ವೃತ್ತಿಗೆ ಅರಸನ ಹೆಸರನ್ನೇ ಇಟ್ಟು ಅಮೋಘವೃತ್ತಿ ಎಂದು ಕರೆದನು. ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿದನು. ಗುರು ವೀರಸೇನನು ಅರ್ಧಕ್ಕೆ ಬಿಟ್ಟುಹೋದ ಜಯಧವಳಾ ಟೀಕೆಯನ್ನು ಜಿನಸೇನನು 837ರಲ್ಲಿ ಪೂರ್ಣಗೊಳಿಸಿದನು. ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿತು. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಸಂಪಾದಿಸಿ ಪ್ರಕಟಿಸಿದಂದಿನಿಂದ ಕರ್ತೃತ್ವದ ಚರ್ಚೆ ನಡೆಯುತ್ತ ಬಂದಿದೆ. ಶ್ರೀವಿಜಯನು ಬರೆದನು, ನೃಪತುಂಗನು ಒಪ್ಪಿಗೆಯ ಮುದ್ರೆಯೊತ್ತಿದನು ಎಂಬ ನಿಲುವಿಗೆ ಇಂದು ಹೆಚ್ಚು ಮನ್ನಣೆಯಿದೆ. ನಮ್ಮ ವಿಷಯಕ್ಕೆ ಅದಕ್ಕಿಂತಲೂ ಮುಖ್ಯವಾದುದು ಜಿನಸೇನನೊಡನೆ ಅರಸನಿಗಿದ್ದ ಸಂಬಂಧ.

ಜಿನಸೇನನ ಪಾರ್ಶ್ವಾಭ್ಯುದಯವು ಭಾರತೀಯ ಕಾವ್ಯ ಪರಂಪರೆಯಲ್ಲಿ ಒಂದು ವಿಲಕ್ಷಣ ಪ್ರಯೋಗ. ಕಾಳಿದಾಸನ ಮೇಘದೂತದ ಸಾಲುಗಳನ್ನು ಒಂದೊಂದಾಗಿ ಅಥವಾ ಎರಡೆರಡಾಗಿ ತೆಗೆದುಕೊಂಡು, ತನ್ನ ಸಾಲುಗಳ ನಡುವೆ ಕೂರಿಸಿ, ಯಕ್ಷನ ವಿರಹದ ಕಾವ್ಯವನ್ನು ತೀರ್ಥಂಕರ ಪಾರ್ಶ್ವನ ತಪಸ್ಸಿನ ಕಾವ್ಯವಾಗಿ ಅವನು ಮಾರ್ಪಡಿಸಿದನು. ಸಾಲು ಅದೇ, ಪದ ಅದೇ, ಛಂದಸ್ಸು ಅದೇ. ಅರ್ಥ ಮಾತ್ರ ಕಾಮದಿಂದ ಧ್ಯಾನದ ಕಡೆಗೆ ತಿರುಗುತ್ತದೆ. ಯಕ್ಷನು ಮೇಘಕ್ಕೆ ತೋರಿಸುವ ದಾರಿ ಮತ್ತು ಅಳಕೆಯ ಭೋಗವೈಭವಗಳು ಇಲ್ಲಿ ಧ್ಯಾನಸ್ಥನಾದ ಪಾರ್ಶ್ವನನ್ನು ಕದಲಿಸಲು ಹಳೆಯ ಜನ್ಮದ ವೈರಿಯೊಬ್ಬನು ಒಡ್ಡುವ ಪ್ರಲೋಭನೆಗಳಾಗುತ್ತವೆ. ಲೌಕಿಕವನ್ನು ಹೊರಗೆ ನೂಕದೆ ಅದನ್ನೇ ಒಳಗೊಂಡು ಅದರ ದಿಕ್ಕನ್ನು ಬದಲಿಸುವ ಈ ಕ್ರಮವು ಆ ಆಸ್ಥಾನದ ಮನೋಧರ್ಮಕ್ಕೆ ಒಪ್ಪುವಂಥದು. ಇಷ್ಟು ಹೇಳಿದ ಮೇಲೆ ಒಂದು ವಿವರವನ್ನು ಮರೆಯುವಂತಿಲ್ಲ. ಕಾವ್ಯವನ್ನು ಮುಗಿಸುವಾಗ ಜಿನಸೇನನು ಅಮೋಘವರ್ಷನು ರಾಜ್ಯವನ್ನು ತೊರೆಯಲೆಂದು ಹಾರೈಸುವುದಿಲ್ಲ. ಅವನು ಎಂದೆಂದಿಗೂ ಲೋಕವನ್ನು ಕಾಯುತ್ತಿರಲೆಂದು ಹಾರೈಸುತ್ತಾನೆ. ವೈರಾಗ್ಯವನ್ನು ಬೋಧಿಸಿದ ಗುರುವಿಗೇ ಶಿಷ್ಯನು ಸಿಂಹಾಸನದಲ್ಲಿ ಉಳಿಯುವುದು ಬೇಕಾಗಿತ್ತು.

ಜಿನಸೇನನ ಆದಿಪುರಾಣದಲ್ಲಿ ಇಬ್ಬರು ಅರಸರ ವೈರಾಗ್ಯದ ಕಥೆ ಬರುತ್ತದೆ. ನೀಲಾಂಜನೆಯ ನೃತ್ಯವನ್ನು ನೋಡುತ್ತಿರುವಾಗಲೇ ಅವಳ ಆಯುಷ್ಯ ಮುಗಿದದ್ದನ್ನು ಅರಿತ ವೃಷಭನಾಥನು ಸಭೆಯಿಂದ ನೇರವಾಗಿ ವೈರಾಗ್ಯದ ಕಡೆಗೆ ನಡೆಯುತ್ತಾನೆ. ಅಣ್ಣನನ್ನು ಗೆದ್ದ ಗಳಿಗೆಯಲ್ಲೇ ಬಾಹುಬಲಿಯು ಗೆದ್ದುದನ್ನು ಬಿಟ್ಟುಕೊಡುತ್ತಾನೆ. ಎರಡರಲ್ಲಿಯೂ ತಿರುವು ಒಂದು ಕ್ಷಣದ್ದು; ನಿಮಿತ್ತ ಕಣ್ಣೆದುರಿನದು. 941ರಲ್ಲಿ ಪಂಪನು ಕನ್ನಡದಲ್ಲಿ ಇದನ್ನು ಮತ್ತೆ ಹೇಳಿದ ಬಗೆಯಂತೂ ನಮ್ಮ ಮನಸ್ಸಿನಲ್ಲಿ ಎಷ್ಟು ಆಳವಾಗಿ ಕುಳಿತಿದೆಯೆಂದರೆ, ಯಾವ ಜೈನ ಅರಸನ ತ್ಯಾಗದ ಮಾತು ಬಂದರೂ ನಾವು ಒಂದು ನೀಲಾಂಜನೆಯನ್ನು ಹುಡುಕುತ್ತೇವೆ. ನೃಪತುಂಗನ ಬಾಳಿನಲ್ಲಿ ಅಂಥ ಗಳಿಗೆಯನ್ನು ಯಾವ ಶಾಸನವೂ ಯಾವ ಪ್ರಶಸ್ತಿಯೂ ದಾಖಲಿಸಿಲ್ಲ. ಜಿನಸೇನನು ಆದಿಪುರಾಣವನ್ನು 42 ಪರ್ವಗಳವರೆಗೆ ತಂದು, ಮುಂದಿನ ಪರ್ವದ ಆರಂಭದಲ್ಲಿಯೇ ತೀರಿಕೊಂಡನು. ಶಿಷ್ಯ ಗುಣಭದ್ರನು ಅದನ್ನು ಪೂರ್ಣಗೊಳಿಸಿ ಉತ್ತರಪುರಾಣವನ್ನು ಬರೆದನು. ಜಿನಸೇನನ ಪಾದಗಳಿಗೆ ಎರಗಿ ಅಮೋಘವರ್ಷನು ತಾನು ಪವಿತ್ರನಾದೆನೆಂದು ಭಾವಿಸಿದನೆಂಬ ಪ್ರಸಿದ್ಧ ಮಾತು ಗುಣಭದ್ರನ ಪ್ರಶಸ್ತಿಯಲ್ಲಿ ಬರುತ್ತದೆ. ಅದು ಶಿಷ್ಯತ್ವಕ್ಕೆ ಸಾಕ್ಷಿ, ದೀಕ್ಷೆಗೆ ಸಾಕ್ಷಿಯಲ್ಲ.

ಮುನಿತ್ವದ ಪರವಾಗಿ ಎತ್ತಿ ತೋರಿಸಲಾಗುವ ಮುಖ್ಯ ಆಧಾರ ಗಣಿತಸಾರಸಂಗ್ರಹದ ಆರಂಭಪದ್ಯಗಳು. ಪಾಪವೆಂಬ ಹಗೆಗಳು ಅರಸನ ಚಿತ್ತವೆಂಬ ಅಗ್ನಿಯಲ್ಲಿ ಬೂದಿಯಾದವೆಂದು ಮಹಾವೀರಾಚಾರ್ಯನು ಹೇಳುತ್ತಾನೆ. ಯಥಾಖ್ಯಾತ ಚಾರಿತ್ರವೆಂಬ ಪಾರಿಭಾಷಿಕ ಶಬ್ದವನ್ನು ಅವನಿಗೆ ಅನ್ವಯಿಸುತ್ತಾನೆ. ಜೈನ ಸಿದ್ಧಾಂತದಲ್ಲಿ ಇದು ಗೃಹಸ್ಥನಿಗೆ ಸಲ್ಲುವ ಮಾತಲ್ಲ; ಮೇಲಿನ ಗುಣಸ್ಥಾನಗಳನ್ನು ಏರಿದ ಮುನಿಗೆ ಸಲ್ಲುವಂಥದು. ಆದ್ದರಿಂದ ಗಣಿತಗ್ರಂಥ ಹುಟ್ಟುವ ವೇಳೆಗೆ ಅರಸನು ಮುನಿಯಾಗಿದ್ದನೆಂದು ಕೆಲವರು ವಾದಿಸಿದ್ದಾರೆ. ಆದರೆ ಆ ಪದ್ಯಗಳ ಸರಣಿ ಮುಗಿಯುವುದು ನೃಪತುಂಗದೇವನ ಶಾಸನ, ಅಂದರೆ ಆಳ್ವಿಕೆ, ಅಭಿವೃದ್ಧಿಯಾಗಲೆಂಬ ಹಾರೈಕೆಯಿಂದ. ಮುನಿಯಾದವನ ಆಳ್ವಿಕೆ ಬೆಳೆಯಲೆಂದು ಯಾರೂ ಹಾರೈಸುವುದಿಲ್ಲ. ಇಲ್ಲಿರುವುದು ಶ್ಲೇಷೆ; ರಾಜನ ಗುಣಗಳನ್ನು ಮುನಿಯ ಪರಿಭಾಷೆಯಲ್ಲಿ ಹೇಳುವ ಕವಿಸಮಯ. ಶ್ಲೇಷೆಯನ್ನು ಶಾಸನದಂತೆ ಓದುವ ಅಭ್ಯಾಸದಿಂದ ನಮ್ಮ ಸಂಶೋಧನೆಗೆ ಆಗಿರುವ ತೊಂದರೆ ಇದೊಂದೇ ಅಲ್ಲ. ಆದರೂ ಈ ಶ್ಲೇಷೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ತಪ್ಪು. ಅರಸನನ್ನು ಮುನಿಯ ಭಾಷೆಯಲ್ಲಿ ಹೊಗಳಿದರೆ ಅವನು ಮೆಚ್ಚುತ್ತಾನೆಂಬುದು ಆಸ್ಥಾನದ ಗಣಿತಜ್ಞನಿಗೆ ತಿಳಿದಿತ್ತು.

ಇಲ್ಲಿಂದ ಮುಂದಿನ ಆಧಾರ 871ರ ಸಂಜಾನ್ ತಾಮ್ರಪಟ. ನನ್ನ ಅಭಿಪ್ರಾಯದಲ್ಲಿ ನೃಪತುಂಗನ ಅಂತರಂಗಕ್ಕೆ ಅತ್ಯಂತ ಹತ್ತಿರವಾದ ದಾಖಲೆ ಇದೇ. ಆಗ ಅವನಿಗೆ ಎಪ್ಪತ್ತರ ಆಸುಪಾಸಿನ ವಯಸ್ಸು. ದಾನ ಪಡೆದವರು ನಾಲ್ವರು ಬ್ರಾಹ್ಮಣರು. ದಾನದ ಉದ್ದೇಶ ಬಲಿ, ಚರು, ವೈಶ್ವದೇವ, ಅಗ್ನಿಹೋತ್ರಾದಿಗಳ ನಿರ್ವಹಣೆ. ಅಂದರೆ ಇದು ಜೈನ ದಾಖಲೆಯಲ್ಲ. ಇದರಲ್ಲಿ ಎರಡು ಸಂಗತಿಗಳಿವೆ. ಪ್ರಜೆಗಳಿಗೆ ಬಂದೊದಗಿದ ಉಪದ್ರವವನ್ನು ನಿವಾರಿಸಲು ಅರಸನು ತನ್ನ ಎಡಗೈಯ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂಬುದು ಮೊದಲನೆಯದು. ಈ ಮಹಾಲಕ್ಷ್ಮಿಯನ್ನು ಕೊಲ್ಲಾಪುರದ ದೇವಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸನಕವಿಯು ಒಡನೆಯೇ ಜೀಮೂತವಾಹನ, ಶಿಬಿ, ದಧೀಚಿಗಳನ್ನು ನೆನೆಯುತ್ತಾನೆ. ಹಾವನ್ನು ಉಳಿಸಲು ಒಬ್ಬನು ಗರುಡನಿಗೆ ಮೈಯನ್ನು ಕೊಟ್ಟನು, ಪಾರಿವಾಳವನ್ನು ಉಳಿಸಲು ಇನ್ನೊಬ್ಬನು ತೊಡೆಯ ಮಾಂಸವನ್ನು ಕೊಟ್ಟನು, ಮತ್ತೊಬ್ಬನು ಎಲುಬನ್ನು ಕೊಟ್ಟನು. ಲಕ್ಷ್ಮೀವಲ್ಲಭನೆಂಬ ಬಿರುದಿನ ಅರಸನು ಲಕ್ಷ್ಮಿಗೆ ಬೆರಳನ್ನು ಕೊಟ್ಟನು.

ಜೈನಧರ್ಮವು ದೇವತೆಗೆ ಅಂಗವನ್ನು ಕತ್ತರಿಸಿ ಒಪ್ಪಿಸುವುದನ್ನು ಮನ್ನಿಸುವುದಿಲ್ಲ. ಆದ್ದರಿಂದ ಈ ಘಟನೆ ನೃಪತುಂಗನು ಕಟ್ಟಾ ಜೈನನಾಗಿದ್ದನೆಂಬ ಗ್ರಹಿಕೆಗೆ ತೊಡಕಾಗಿದೆ. ಕೆಲವರು ಇದನ್ನು ಜೈನನಾಗುವುದಕ್ಕೆ ಮುಂಚಿನ ಘಟನೆಯೆಂದು ತಳ್ಳಿದ್ದಾರೆ, ಕೆಲವರು ಬರಿಯ ಕವಿಕಲ್ಪನೆಯೆಂದಿದ್ದಾರೆ. ಎರಡೂ ಅನುಕೂಲದ ಉತ್ತರಗಳು. ಅರಸನು ಬದುಕಿರುವಾಗಲೇ, ಅವನ ಹೆಸರಿನಲ್ಲೇ ಹೊರಟ ಶಾಸನವು ಅವನ ಕೈಬೆರಳಿನ ವಿಷಯದಲ್ಲಿ ಸುಳ್ಳಾಡುವುದು ಕಷ್ಟ. ಆ ಕೈಯನ್ನು ಆಸ್ಥಾನದವರೆಲ್ಲ ದಿನವೂ ಕಾಣುತ್ತಿದ್ದರು. ಪರರ ಧರ್ಮವನ್ನು ಸೈರಿಸಿಕೊಳ್ಳುವುದೇ ನಿಜವಾದ ಸಿರಿಯೆಂಬ ಭಾವವನ್ನು ಕವಿರಾಜಮಾರ್ಗ ಹೇಳಿರುವುದು ಇಲ್ಲಿ ನೆನಪಾಗುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಅನ್ಯಮತಗಳನ್ನು ಗೌರವಿಸಬೇಕೆನ್ನುವ ಅಶೋಕನ ಹನ್ನೆರಡನೆಯ ಶಾಸನ ದೊರೆತಿದೆ; ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಹೆಸರನ್ನು ಕೊರೆದ ಶಿಲ್ಪವೂ ದೊರೆತಿದೆ. ಸಾವಿರದ ನೂರು ವರ್ಷಗಳ ಅಂತರದ ಈ ಎರಡು ಮಾತುಗಳ ನಡುವೆ ಸಂಬಂಧ ಕಲ್ಪಿಸುವುದು ನನ್ನ ಉದ್ದೇಶವಲ್ಲ. ಮನಸ್ಸು ತಿರುಗಿದ ಮೇಲೂ ಅಶೋಕನು ಅರಸನಾಗಿಯೇ ಉಳಿದನೆಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬಹುದು.

ಸಂಜಾನ್ ಶಾಸನದ ಎರಡನೆಯ ಸಂಗತಿ ನಮ್ಮ ವಿಷಯಕ್ಕೆ ಕೇಂದ್ರವಾದುದು. ಅಣ್ಣನನ್ನು ಕೊಂದು ಅವನ ರಾಜ್ಯವನ್ನೂ ರಾಣಿಯನ್ನೂ ಅಪಹರಿಸಿ, ಆಮೇಲೆ ಲಕ್ಷ ಕೊಟ್ಟು ಕೋಟಿಯೆಂದು ಬರೆಯಿಸಿ ದಾನಿಯೆನಿಸಿಕೊಂಡ ಗುಪ್ತವಂಶದ ಅರಸನೊಬ್ಬನನ್ನು ಶಾಸನಕವಿ ಹಂಗಿಸುತ್ತಾನೆ. ಇವನು ಎರಡನೆಯ ಚಂದ್ರಗುಪ್ತನೆಂದು ತಿಳಿಯಲಾಗಿದೆ. ರಾಮಗುಪ್ತನ ಪ್ರಸಂಗವನ್ನು ಚರ್ಚಿಸುವ ಇತಿಹಾಸಕಾರರಿಗೆ ಈ ಪದ್ಯ ಚಿರಪರಿಚಿತ. ಅದಕ್ಕೆ ಎದುರಾಗಿ ಅಮೋಘವರ್ಷನು ತನ್ನ ಮೈಯನ್ನೂ ತನ್ನ ರಾಜ್ಯವನ್ನೂ ತ್ಯಜಿಸಿದವನು, ಹೊರಗಿನ ಹಣದ ಮಾತೇನೆಂದು ಅವನು ಕೇಳುತ್ತಾನೆ. ರಾಜ್ಯತ್ಯಾಗವನ್ನು ಹೇಳುವಾಗ ಅವನು ಬಳಸಿರುವ ಕ್ರಿಯಾವಿಶೇಷಣ ಅಸಕೃತ್. ಒಂದು ಸಲವಲ್ಲ, ಹಲವು ಸಲ ಎಂದು ಅದರ ಅರ್ಥ. 1934ರಲ್ಲಿ ಪ್ರಕಟವಾದ ರಾಷ್ಟ್ರಕೂಟರನ್ನು ಕುರಿತ ತಮ್ಮ ಗ್ರಂಥದಲ್ಲಿ ಅ.ಸ. ಅಳ್ತೇಕರರು ಈ ಪದವನ್ನು ಆಧರಿಸಿ, ಅರಸನು ಆಗಾಗ ರಾಜ್ಯಭಾರವನ್ನು ಯುವರಾಜನಿಗೋ ಮಂತ್ರಿಗಳಿಗೋ ವಹಿಸಿ ಏಕಾಂತಕ್ಕೆ ಸರಿಯುತ್ತಿದ್ದನೆಂದು ಊಹಿಸಿದರು. ಆ ಊಹೆಗೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ದೊರೆಯಬೇಕಾದ ಮಹತ್ವ ದೊರೆತಿಲ್ಲ.

ಈ ಒಂದು ಪದವನ್ನು ಒಪ್ಪಿಕೊಂಡರೆ ಹಲವು ತೊಡಕುಗಳು ಸಡಿಲವಾಗುತ್ತವೆ. ಸವದತ್ತಿಯ ಶಾಸನವೊಂದರಲ್ಲಿ ಶಕ 797ಕ್ಕೆ, ಅಂದರೆ 875ಕ್ಕೆ, ಕೃಷ್ಣನು ಆಳುತ್ತಿದ್ದನೆಂದು ಹೇಳಿದೆ. ಅದು ಪುರಾತನ ದತ್ತಿಯನ್ನು ಮುಂದಿನ ಕಾಲದಲ್ಲಿ ಮತ್ತೆ ಬರೆಯಿಸಿದ ಶಾಸನವೆಂಬ ಆಕ್ಷೇಪವುಂಟು. ಇತ್ತ ಕೊಂಕಣದ ಕಾನ್ಹೇರಿಯ ಬೌದ್ಧ ಗುಹೆಯಲ್ಲಿರುವ, ಶಿಲಾಹಾರ ಸಾಮಂತ ಕಪರ್ದಿಯ ಕಾಲದ ಶಕ 799ರ ಶಾಸನವು ಆಗಲೂ ಅಮೋಘವರ್ಷನನ್ನೇ ಒಡೆಯನೆಂದು ಹೆಸರಿಸುತ್ತದೆ. ಒಂದನ್ನು ನಿಜವೆಂದು ಹಿಡಿದು ಇನ್ನೊಂದನ್ನು ಬಿಡಬೇಕಾದ ಅಗತ್ಯವಿಲ್ಲ. ತಂದೆ ಏಕಾಂತದಲ್ಲಿ, ಮಗ ರಾಜ್ಯಭಾರದಲ್ಲಿ, ದೂರದ ಸಾಮಂತನ ಕರಣಿಕನ ಲೇಖನಿಯಲ್ಲಿ ಹಳೆಯ ಹೆಸರು. ಅರುವತ್ತು ವರ್ಷ ಒಂದೇ ಹೆಸರನ್ನು ಬರೆದ ನಾಡಿನಲ್ಲಿ ಇದು ಸಹಜವೇ.

ಕೊನೆಯದಾಗಿ ಪ್ರಶ್ನೋತ್ತರರತ್ನಮಾಲಿಕೆ. ಕಿರಿದಾದ ಪ್ರಶ್ನೆ, ಕಿರಿದಾದ ಉತ್ತರಗಳ ಈ ಸಂಸ್ಕೃತ ನೀತಿಕೃತಿಯನ್ನು ಶಂಕರಾಚಾರ್ಯರದೆಂದು ಹೇಳುವ ಪರಂಪರೆಯಿದೆ, ಶ್ವೇತಾಂಬರರು ವಿಮಲಸೂರಿಯದೆನ್ನುತ್ತಾರೆ. ದಿಗಂಬರ ಪಾಠವು ವರ್ಧಮಾನನಿಗೆ ವಂದಿಸಿ ಆರಂಭವಾಗುತ್ತದೆ. ವಿವೇಕದಿಂದ ರಾಜ್ಯವನ್ನು ಬಿಟ್ಟ ಅಮೋಘವರ್ಷನು ಇದನ್ನು ರಚಿಸಿದನೆಂದು ಅದರ ಅಂತ್ಯಪದ್ಯ ಹೇಳುತ್ತದೆ. ಕೃತಿಯ ಟಿಬೆಟಿನ ಅನುವಾದವೂ ಅರಸನೊಬ್ಬನನ್ನೇ ಕರ್ತೃವೆನ್ನುತ್ತದೆ. ಇಂತಹ ಸಾಕ್ಷ್ಯವನ್ನು ಆಧರಿಸಿ ರಾ.ಗೋ. ಭಂಡಾರ್ಕರರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅರಸನ ರಾಜ್ಯತ್ಯಾಗವನ್ನು ಐತಿಹಾಸಿಕವೆಂದು ಒಪ್ಪಿದ್ದರು. ಸಂಜಾನ್ ಶಾಸನದ ಬೆಂಬಲ ಇದಕ್ಕೆ ದೊರೆತದ್ದು ಆಮೇಲೆ. ಜೈನ ಪಾಠ ಮತ್ತು ಬ್ರಾಹ್ಮಣ ದತ್ತಿಯ ಶಾಸನ, ಒಂದನ್ನೊಂದು ಅರಿಯದ ಎರಡು ಸಾಕ್ಷಿಗಳು, ರಾಜ್ಯವನ್ನು ಬಿಟ್ಟನೆಂಬ ಒಂದೇ ಮಾತನ್ನು ಹೇಳುತ್ತಿರುವುದರಿಂದ ಅದನ್ನು ಸಂದೇಹಿಸಲು ಕಾರಣವಿಲ್ಲ.

ಅಂತ್ಯಪದ್ಯವು ತ್ಯಾಗಕ್ಕೆ ಕೊಡುವ ಕಾರಣದ ಕಡೆಗೆ ಓದುಗರ ಗಮನ ಸೆಳೆಯಬೇಕು. ಅಲ್ಲಿರುವುದು ವೈರಾಗ್ಯವೆಂಬ ಶಬ್ದವಲ್ಲ, ವಿವೇಕವೆಂಬ ಶಬ್ದ. ವೈರಾಗ್ಯವು ರಾಗ ಅಳಿದ ಸ್ಥಿತಿ. ಅದಕ್ಕೆ ಪುರಾಣದಲ್ಲಿ ಒಂದು ನಿಮಿತ್ತ ಬೇಕು. ವಿವೇಕವು ಬೇರ್ಪಡಿಸಿ ನೋಡುವ ಬುದ್ಧಿ. ಅದಕ್ಕೆ ಕಾಲ ಬೇಕು. ಬಾಲ್ಯದಲ್ಲಿ ರಾಜ್ಯವನ್ನು ಕಳೆದುಕೊಂಡು, ದಾಯಾದಿಗಳೊಡನೆಯೂ ಮಗನೊಡನೆಯೂ ಕಾದಿ, ಮಗಳನ್ನು ಕೊಟ್ಟು ಹಗೆಯನ್ನು ಮುಗಿಸಿ, ಪ್ರಜೆಗಳಿಗಾಗಿ ಬೆರಳನ್ನು ಕಳೆದುಕೊಂಡವನಿಗೆ ಬಿಡುವುದು ಯಾವುದು, ಇಟ್ಟುಕೊಳ್ಳುವುದು ಯಾವುದು ಎಂಬುದು ಒಂದು ರಾತ್ರಿಯಲ್ಲಿ ಹೊಳೆದಿರಲಾರದು. ಶಾಂಕರ ಸಂಪ್ರದಾಯದಲ್ಲಿಯೂ ವಿವೇಕಕ್ಕೆ ಪ್ರಥಮ ಸ್ಥಾನ. ಈ ಕೃತಿ ಮತದಿಂದ ಮತಕ್ಕೆ ಸುಲಭವಾಗಿ ದಾಟಿಹೋದುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಹಾಗಾದರೆ ಅವನು ದಿಗಂಬರ ದೀಕ್ಷೆ ಪಡೆದನೇ? ದೊರೆತಿರುವ ಆಧಾರಗಳಷ್ಟರಿಂದ ಹೌದೆನ್ನಲು ನಾನು ಸಿದ್ಧನಿಲ್ಲ. ಜಿನಸೇನನ ಶಿಷ್ಯನಾಗಿದ್ದನು, ಶ್ರಾವಕನ ವ್ರತಗಳನ್ನು ಹಿಡಿದಿದ್ದಿರಬೇಕು, ಕೊನೆಯಲ್ಲಿ ರಾಜ್ಯದಿಂದ ಹೊರಗೆ ಬಂದನು, ಇಷ್ಟು ನಿಲ್ಲುತ್ತದೆ. ದೀಕ್ಷೆ, ಪಿಂಛ, ಕಮಂಡಲಗಳ ಚಿತ್ರ ನಮ್ಮ ಕಾಲದ ಭಕ್ತಿಯಿಂದ ಸೇರಿಕೊಂಡದ್ದು. ಮುನಿಯಾಗಿ ಸಮಾಧಿಮರಣವನ್ನು ಹೊಂದಿದ್ದರೆ, ಅಂಥ ಅರಸನಿಗೆ ನಿಸಿದಿಗಲ್ಲನ್ನು ನಿಲ್ಲಿಸದೆ ಅಂದಿನ ಜೈನಸಂಘ ಸುಮ್ಮನಿರುತ್ತಿರಲಿಲ್ಲ.

ತ್ಯಾಗದ ಬೆಲೆಯನ್ನು ತೆತ್ತವರು ಯಾರೆಂದೂ ಕೇಳಬೇಕು. 878ರ ಸುಮಾರಿಗೆ ನೃಪತುಂಗನ ಕಾಲ ಮುಗಿದು ಕೃಷ್ಣನು ಪೂರ್ಣಾಧಿಕಾರದ ಅರಸನಾದನು. ವೆಂಗಿಯ ಗುಣಗ ವಿಜಯಾದಿತ್ಯನು ಹಳೆಯ ಸೋಲುಗಳ ಸೇಡು ತೀರಿಸಿಕೊಳ್ಳಲು ಹೊರಟನು. ಅವನ ಸೈನ್ಯ ರಾಷ್ಟ್ರಕೂಟರ ನಾಡಿನೊಳಗೆ ನುಗ್ಗಿ ಕಿರಣಪುರವನ್ನು ಸುಟ್ಟಿತು. ಒಮ್ಮೆ ಬಂಡೆದ್ದವನೆಂದು ಊಹಿಸಲಾದ ಮಗನಿಗೆ ತಂದೆಯ ಉದ್ದನೆಯ ಆಳ್ವಿಕೆಯೂ ಅದರ ಕೊನೆಯ ಏಕಾಂತಗಳೂ ಸುಲಭದ ಆಸ್ತಿಯಾಗಿರಲಿಲ್ಲ. ತಂದೆಯ ವಿವೇಕವನ್ನು ಕೊಂಡಾಡುವ ನಮ್ಮ ಬರವಣಿಗೆಗಳಲ್ಲಿ ಕೃಷ್ಣನು ದುರ್ಬಲನೆಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತಾನೆ. ಎಪ್ಪತ್ತು ದಾಟಿದ ಅರಸ, ನಡುವಯಸ್ಸು ದಾಟುತ್ತಿದ್ದ ಯುವರಾಜ, ಬಿಟ್ಟೆನೆಂದು ಮತ್ತೆ ಮರಳುವ ತಂದೆ: ಈ ನೆಲೆಯಿಂದ ಅವನ ಇತಿಹಾಸವನ್ನೂ ಬರೆಯಬೇಕಾಗಿದೆ.

ರಾಷ್ಟ್ರಕೂಟ ವಂಶದ ಇನ್ನೊಂದು ತ್ಯಾಗಕ್ಕೆ ಮಾತ್ರ ಸ್ಪಷ್ಟವಾದ ಕಲ್ಬರಹವಿದೆ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನೇ ಕೊನೆಗೊಳಿಸಿದನು. ಮೂರನೆಯ ಕೃಷ್ಣನ ಮೊಮ್ಮಗ ನಾಲ್ವಡಿ ಇಂದ್ರನನ್ನು ಮತ್ತೆ ಪಟ್ಟಕ್ಕೆ ತರಲು ಗಂಗ ಮಾರಸಿಂಹನು ಮಾಡಿದ ಪ್ರಯತ್ನ ಫಲಿಸಲಿಲ್ಲ. ಮಾರಸಿಂಹನು ಬಂಕಾಪುರದಲ್ಲಿ, ಅಂದರೆ ನೃಪತುಂಗನ ಸೇನಾನಿಯ ಹೆಸರನ್ನು ಹೊತ್ತ ಊರಿನಲ್ಲಿ, ಅಜಿತಸೇನ ಮುನಿಯ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟನು. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತವನ್ನು ಕೈಕೊಂಡನು. ಚಂದ್ರಗಿರಿಯ ಗಂಧವಾರಣ ಬಸದಿಯ ಬಳಿಯ ಕಂಬದಲ್ಲಿ ಅವನ ಶಾಸನವಿದೆ. ರಾಜ್ಯವಿಲ್ಲದ ಆ ಅರಸನು ಕುದುರೆಯ ಮೇಲೆ ಕುಳಿತು ಚೆಂಡಾಡುವುದರಲ್ಲಿ ಎಷ್ಟು ನಿಪುಣನಾಗಿದ್ದನೆಂಬುದನ್ನು ಆ ಶಾಸನ ಬಹು ವಿಸ್ತಾರವಾಗಿ ವರ್ಣಿಸುತ್ತದೆ. ಬಿಡಲು ಇನ್ನೇನೂ ಉಳಿದಿರದವನ ತ್ಯಾಗಕ್ಕೆ ತಾರೀಖು ಇದೆ, ಸ್ಥಳವಿದೆ, ಕಂಬವಿದೆ. ಎಲ್ಲವೂ ಇದ್ದು ಬಿಟ್ಟವನ ತ್ಯಾಗಕ್ಕೆ ಇರುವುದು ತಾಮ್ರಪಟದ ಒಂದು ಕ್ರಿಯಾವಿಶೇಷಣ ಮತ್ತು ಸಣ್ಣ ಕೃತಿಯೊಂದರ ಕೊನೆಯ ಪದ್ಯ.

ಮಳಖೇಡದಲ್ಲಿ ಇಂದು ಕಾಣುವ ಕೋಟೆಯ ಬಹುಭಾಗ ಮುಂದಿನ ಕಾಲದ ಕಟ್ಟಡ. ನೇಮಿನಾಥ ಬಸದಿ ಇದೆ. ಟೀಕಾಚಾರ್ಯ ಜಯತೀರ್ಥರ ಮಠವೂ ಇದೆ. ಸಿರಿವಂತ ಮನೆತನದ ತರುಣ ಸವಾರನೊಬ್ಬನು 14ನೆಯ ಶತಮಾನದಲ್ಲಿ ಕಾಗಿಣೆಯ ದಂಡೆಗೆ ಬಂದು, ಅಕ್ಷೋಭ್ಯತೀರ್ಥರನ್ನು ಕಂಡು, ಸಂಸಾರವನ್ನು ಬಿಟ್ಟು ಜಯತೀರ್ಥರಾದರೆಂಬ ಐತಿಹ್ಯವನ್ನು ಆ ಊರಿನವರು ಈಗಲೂ ಹೇಳುತ್ತಾರೆ.